ಹದಿನೆಂಟೋ ಹದಿನಾರೋ: ಮ್ಯೂನಿಕ್‌ನಲ್ಲಿ ಹೊಸ ಕಾರಿಗೆ ಚಳಿಗಾಲದ ಟೈರ್ ಆರಿಸಿದ್ದು

ಜರ್ಮನಿಯಲ್ಲಿ ಕಾರು ಇಟ್ಟುಕೊಂಡವರಿಗೆಲ್ಲ ಬಾಯಿಪಾಠವಾಗಿರುವ ಒಂದು ಲೆಕ್ಕವಿದೆ: ಅಕ್ಟೋಬರ್‌ನಿಂದ ಈಸ್ಟರ್ ತನಕ ಚಳಿಗಾಲದ ಟೈರ್, ಉಳಿದ ತಿಂಗಳು ಬೇಸಿಗೆಯದು. ಕಾನೂನು ಮಾತ್ರ ಯಾವ ತಾರೀಖನ್ನೂ ಹೇಳುವುದಿಲ್ಲ. ರಸ್ತೆಯ ಮೇಲೆ ಹಿಮವೋ ಕೆಸರುಹಿಮವೋ ಮಂಜುಗಡ್ಡೆಯೋ ಇದ್ದಾಗ ಅದಕ್ಕೆ ತಕ್ಕ ಟೈರ್ ಇಲ್ಲದೆ ಗಾಡಿ ಓಡಿಸಬಾರದು, ಅಷ್ಟೇ. ಸಿಕ್ಕಿಬಿದ್ದರೆ 60 ಯೂರೋ ದಂಡ, ಜೊತೆಗೆ ಚಾಲಕರ ತಪ್ಪುಗಳನ್ನು ದಾಖಲಿಸುವ ಫ್ಲೆನ್ಸ್‌ಬುರ್ಗ್ ಊರಿನ ಕಚೇರಿಯಲ್ಲಿರುವ ನಿಮ್ಮ ಖಾತೆಗೆ ಒಂದು ತಪ್ಪಿನ ಪಾಯಿಂಟ್. ಜಾರಿ ನಿಂತು ಹಿಂದಿನವರಿಗೆ ದಾರಿ ಕಟ್ಟಿದರೆ ದಂಡ 80ಕ್ಕೆ ಏರುತ್ತದೆ. ಮೊದಲು ಟೈರಿನ ಬದಿಯಲ್ಲಿ 'ಎಂ ಪ್ಲಸ್ ಎಸ್' (ಕೆಸರು ಮತ್ತು ಹಿಮ) ಎಂಬ ಗುರುತಿದ್ದರೆ ಸಾಕಿತ್ತು. 2024ರ ಅಕ್ಟೋಬರ್‌ನಿಂದ ಅದು ನಡೆಯುವುದಿಲ್ಲ. ಮೂರು ಶಿಖರದ ಬೆಟ್ಟ, ಅದರೊಳಗೊಂದು ಹಿಮದ ಹರಳು, ಆ ಚಿತ್ರವೇ ಇರಬೇಕು.

ನಾವು ಹೊಸ ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರು ಕೊಂಡದ್ದು ಬೇಸಿಗೆಯಲ್ಲಿ. ಹೊಳೆಯುವ 18 ಇಂಚಿನ ಅಲಾಯ್ ಚಕ್ರಗಳ ಮೇಲೆ ಬಂತು. ಕಾರು ಕೊಟ್ಟ ಕಡೆಯವರು ಅವತ್ತೇ, "ಚಳಿಗಾಲಕ್ಕೂ ಇದೇ ಸೈಜಿನ ಸೆಟ್ ಬುಕ್ ಮಾಡಿಬಿಡಿ, ತಲೆಬಿಸಿ ಇರುವುದಿಲ್ಲ" ಎಂದು ಒಂದು ರೇಟು ಬರೆದುಕೊಟ್ಟರು. ಚಕ್ರ, ಟೈರ್ ಎರಡೂ ಸೇರಿದ ರೇಟು. ಅದನ್ನು ನೋಡಿ ನನ್ನ ಹೆಂಡತಿ, "ಇದರಲ್ಲಿ ಊರಿಗೆ ಹೋಗಿ ಬರುವ ಒಬ್ಬರ ಟಿಕೆಟ್ ಆಗುತ್ತಲ್ಲ" ಎಂದಳು. ವಿಚಾರಿಸಿ ಹೇಳುತ್ತೇವೆ ಎಂದು ಎದ್ದು ಬಂದೆವು.

ಸಾಗರದಲ್ಲಿರುವ ಅಪ್ಪನಿಗೆ ಈ ಎರಡು ಜೊತೆ ಟೈರಿನ ವ್ಯವಹಾರವೇ ದುಂದು ಎನ್ನಿಸಿತು. "ಮಳೆಗಾಲಕ್ಕೆ ನಾವೇನು ಬೇರೆ ಟೈರ್ ಹಾಕ್ತೀವೇನೋ? ಬೋಳಾದರೆ ಬದಲಾಯಿಸೋದು" ಎಂದರು ಫೋನಿನಲ್ಲಿ. ಅವರಿಗೆ ರಬ್ಬರಿನ ವಿಷಯ ಹೇಳಿದೆ. ಬೇಸಿಗೆ ಟೈರಿನ ರಬ್ಬರು ಬಿಸಿ ರಸ್ತೆಗೆಂದು ಹದ ಮಾಡಿದ್ದು, ಚಳಿಗೆ ಗಡುಸಾಗಿ ಹಿಡಿತ ಬಿಡುತ್ತದೆ. ಚಳಿಗಾಲದ್ದು ಸೊನ್ನೆಯ ಕೆಳಗೂ ಮೆದುವಾಗಿಯೇ ಇರುತ್ತದೆ. ನೆಲ ಮುಟ್ಟುವ ಮೈಯ ಅಚ್ಚಿನ ಗಟ್ಟಿಗಳಲ್ಲಿ ಬ್ಲೇಡಿನಿಂದ ಸೀಳಿದಂಥ ನೂರಾರು ಸಣ್ಣ ಗೀರುಗಳಿರುತ್ತವೆ. ಚಕ್ರ ಉರುಳುವಾಗ ಅವು ಬಾಯಿ ತೆರೆದು ಹಿಮವನ್ನು ಕಚ್ಚುತ್ತವೆ. "ಹಾಗಾದರೆ ಸೈಜ್ ಯಾವುದಾದರೇನು, ಇದ್ದದ್ದನ್ನೇ ಹಾಕಿಸು" ಎಂದರು ಅಪ್ಪ. ನಮ್ಮ ತಕರಾರೆಲ್ಲ ಇದ್ದದ್ದು ಆ ಸೈಜಿನಲ್ಲೇ.

ನಮ್ಮ ಕಾರಿನ ಟೈರಿನ ಪಕ್ಕೆಯಲ್ಲಿ 225/40 ಆರ್ 18 ಎಂದಿತ್ತು. 225 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 40 ಎಂದರೆ ಪಕ್ಕೆಯ ಎತ್ತರ, ಅಗಲದ ಶೇಕಡಾ 40. ಆರ್ ಎಂದರೆ ರೇಡಿಯಲ್. 18 ಚಕ್ರದ ವ್ಯಾಸ, ಅದು ಮಾತ್ರ ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡಾ, ಇಂಚು ಮೂರನ್ನೂ ಬೆರೆಸಿದ ಪುಣ್ಯಾತ್ಮರು ಯಾರೋ! ಆದರೆ ಇಷ್ಟು ತಿಳಿದರೆ ಟೈರಿನ ಪೂರ್ತಿ ವ್ಯಾಸವನ್ನು ನಾವೇ ಲೆಕ್ಕ ಹಾಕಬಹುದು. 225ರ ಶೇಕಡಾ 40 ಅಂದರೆ 90. ಮೇಲೊಂದು ಕೆಳಗೊಂದು ಪಕ್ಕೆ ಸೇರಿ 180. 18 ಇಂಚು ಅಂದರೆ 457 ಮಿಲಿಮೀಟರು. ಒಟ್ಟು 637. ಮುಂದೆ ಯಾರು ಯಾವ ಸೈಜ್ ಹೇಳಿದರೂ ಮೊದಲು ಈ ಲೆಕ್ಕ ಮಾಡಿ ನೋಡುವುದು ನನಗೆ ಚಟವಾಗಿಬಿಟ್ಟಿತು.

ಆಮೇಲೆ ಕಾಗದಪತ್ರ. ಕಾರಿನ ನೋಂದಣಿ ಪತ್ರವಾದ ಫಾರ್‌ಟ್ಸೊಯ್ಗ್‌ಶೈನ್‌ನಲ್ಲಿ 15.1 ಮತ್ತು 15.2 ಎಂಬ ಎರಡು ಕಲಮುಗಳಿವೆ, ಮುಂದಿನ ಮತ್ತು ಹಿಂದಿನ ಚಕ್ರಗಳ ಟೈರ್ ಸೈಜಿಗೆ. ಅಲ್ಲಿ ಒಂದೇ ಒಂದು ಸೈಜ್ ಬರೆದಿರುತ್ತದೆ. ಇಲ್ಲಿಗೆ ಹೊಸದಾಗಿ ಬಂದ ನಮ್ಮವರು ಹಲವರು ಅದನ್ನು ನೋಡಿ, ಬೇರೆ ಸೈಜ್ ಹಾಕಿದರೆ ಅಪರಾಧ ಎಂದುಕೊಳ್ಳುತ್ತಾರೆ. ಹಾಗೇನಿಲ್ಲ. ಕಾರಿನ ಜೊತೆ ಬರುವ ಇನ್ನೊಂದು ಕಾಗದ ಸಿಒಸಿ, ಅಂದರೆ ಈ ಕಾರು ಯುರೋಪಿನ ಅನುಮೋದನೆಗೆ ತಕ್ಕಂತಿದೆ ಎಂದು ತಯಾರಕರು ಕೊಡುವ ಪ್ರಮಾಣಪತ್ರ. ಹೆಚ್ಚಿನವರ ಮನೆಯಲ್ಲಿ ಅದು ಕಾರಿನ ಫೈಲಿನ ತಳದಲ್ಲಿ ಮಡಿಕೆ ಬಿಚ್ಚದೆ ಬಿದ್ದಿರುತ್ತದೆ. ಒಪ್ಪಿಗೆಯಿರುವ ಬೇರೆ ಸೈಜ್‌ಗಳೆಲ್ಲ, ಯಾವ ಟೈರಿಗೆ ಎಷ್ಟು ಅಗಲದ ಚಕ್ರ ಎಂಬುದರ ಸಮೇತ, ಅದರಲ್ಲಿರುತ್ತವೆ. ನಮ್ಮದರಲ್ಲಿ 18 ಇಂಚಿನ ಜೊತೆ 225/45 ಆರ್ 17 ಮತ್ತು 205/55 ಆರ್ 16 ಇದ್ದವು. ಲೆಕ್ಕ ಹಾಕಿದರೆ 17 ಇಂಚಿನದು 634, 16 ಇಂಚಿನದು 632 ಮಿಲಿಮೀಟರು. ಅಂದರೆ ಚಕ್ರ ಎರಡು ಇಂಚು ಚಿಕ್ಕದಾದರೂ ಪಕ್ಕೆ ಎತ್ತರವಾಗಿರುವುದರಿಂದ ಟೈರಿನ ಒಟ್ಟು ವ್ಯಾಸದಲ್ಲಿ ವ್ಯತ್ಯಾಸ ಶೇಕಡಾ ಒಂದೂ ಇಲ್ಲ. ಸ್ಪೀಡೋಮೀಟರ್‌ಗೆ ಅದು ಗೊತ್ತೂ ಆಗುವುದಿಲ್ಲ.

15 ಇಂಚು ನಮ್ಮ ಪಟ್ಟಿಯಲ್ಲಿ ಇರಲಿಲ್ಲ. ಚಕ್ರದ ಒಳಗೆ ಬ್ರೇಕಿನ ಡಿಸ್ಕ್, ಅದನ್ನು ಹಿಡಿಯುವ ಕ್ಯಾಲಿಪರ್ ಎರಡೂ ಕೂರಬೇಕು. ಎಂಜಿನ್ ಬಲ ಹೆಚ್ಚಿದಂತೆ ಬ್ರೇಕ್ ದೊಡ್ಡದಾಗುತ್ತದೆ. ಹಾಗಾಗಿ ಒಂದೇ ಹೆಸರಿನ ಎರಡು ಕಾರುಗಳಿಗೂ ಪಟ್ಟಿ ಬೇರೆ ಬೇರೆ ಇರಬಹುದು. ಪಕ್ಕದ ಮನೆಯವರ ಗಾಲ್ಫ್‌ಗೆ ಕೂತದ್ದು ನಮ್ಮದಕ್ಕೂ ಕೂರುತ್ತದೆ ಎನ್ನುವಂತಿಲ್ಲ.

ಪಟ್ಟಿ ಕೈಗೆ ಬಂದ ಹೊತ್ತಿಗೇ ಹುಬ್ಬಳ್ಳಿಯ ಗೆಳೆಯನ ಫೋನು ಬಂತು. ಅವನು ಬೆಂಗಳೂರಿಗೆ ಕಾಯಂ ವಾಪಸ್ ಹೊರಟಿದ್ದ. ಸ್ಕೋಡಾ ಒಕ್ಟಾವಿಯಾ ಮಾರಿಯಾಗಿತ್ತು, ಅದರ ಚಳಿಗಾಲದ ಚಕ್ರಗಳು ಮಾತ್ರ ನೆಲಮಾಳಿಗೆಯಲ್ಲಿ ಉಳಿದಿದ್ದವು. ಒಂದೇ ಚಳಿಗಾಲ ಓಡಿದವು. "ತಗೊಂಡ್ ಹೋಗೋ, ನಿನಗಂತ ಅರ್ಧ ರೊಕ್ಕಕ್ಕ ಕೊಡ್ತೀನಿ. ಎರಡೂ ಒಂದ ಕಂಪನಿ ಮಕ್ಕಳು, ನಿನ್ನ ಗಾಡಿಗೂ ಕರೆಕ್ಟ್ ಕುಂದರ್ತಾವ." ಹೋಗಿ ನೋಡಿದೆ. ಅವನ ಮಾತು ಸುಳ್ಳಲ್ಲ. ಎರಡೂ ಕಾರಿಗೆ ಐದು ಬೋಲ್ಟ್, ಬೋಲ್ಟ್‌ಗಳ ವೃತ್ತ 112 ಮಿಲಿಮೀಟರು, ನಡುವಿನ ತೂತು 57.1. ಜಾಕಿ ಹಾಕಿ ಕೂರಿಸಿದ್ದರೆ ಕೂತೇ ಬಿಡುತ್ತಿತ್ತು. ಆದರೆ ಪಕ್ಕೆಯ ಮೇಲೆ ಇದ್ದದ್ದು 205/60 ಆರ್ 16.

55ರ ಜಾಗದಲ್ಲಿ 60. ಮೊಬೈಲ್ ತೆಗೆದು ಅಲ್ಲೇ ಲೆಕ್ಕ ಮಾಡಿದೆ. 652 ಮಿಲಿಮೀಟರು ಬಂತು. ನಮ್ಮ ಪಟ್ಟಿಯ 16 ಇಂಚಿನ ಟೈರಿಗಿಂತ ಎರಡು ಸೆಂಟಿಮೀಟರು ದೊಡ್ಡದು, ಶೇಕಡಾ ಮೂರಕ್ಕಿಂತ ಹೆಚ್ಚು. "ಐದೂ ಬೋಲ್ಟ್ ಕುಂದರ್ತಾವ, ಮತ್ತೇನ್ ಬೇಕ ನಿನಗ? ಮೂರು ಪರ್ಸೆಂಟ್ ಅಂತ ಮೂರು ಪರ್ಸೆಂಟ್!" ಎಂದು ಅವನು ನಕ್ಕ. ಚಕ್ರ ದೊಡ್ಡದಾದರೆ ಒಂದು ಸುತ್ತಿಗೆ ಕಾರು ಹೆಚ್ಚು ದೂರ ಹೋಗುತ್ತದೆ, ಮೀಟರು ಮಾತ್ರ ಹಳೆಯ ಲೆಕ್ಕವನ್ನೇ ತೋರಿಸುತ್ತದೆ. ವೇಗದ ಕ್ಯಾಮೆರಾಗಳು ಬಳ್ಳಿಯಂತೆ ಹಬ್ಬಿರುವ ಈ ಊರಿನಲ್ಲಿ ಅದೊಂದು ತಾಪತ್ರಯ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಗುಂಡಿಗೆ ಇಳಿಸಿದಾಗ ಮೇಲಿನ ಮಡ್‌ಗಾರ್ಡಿಗೆ ಉಜ್ಜಬಹುದು. ಇದೆಲ್ಲಕ್ಕಿಂತ ದೊಡ್ಡದು ಕಾಗದದ ಮಾತು. ಪಟ್ಟಿಯಲ್ಲಿಲ್ಲದ ಸೈಜನ್ನು ಪರೀಕ್ಷಕರಿಂದ ಬರೆಸಿಕೊಳ್ಳದೆ ಹಾಕಿದರೆ ಕಾರಿನ ರಸ್ತೆ ಅನುಮತಿಯೇ ಬಿದ್ದುಹೋಗಬಹುದು, ಅಪಘಾತವಾದಾಗ ವಿಮೆಯವರು ತಕರಾರು ತೆಗೆಯುವುದಕ್ಕೆ ಅಷ್ಟು ಸಾಕು. ಗೆಳೆಯನಿಗೆ ಒಂದಿಷ್ಟು ಬೇಜಾರಾಯಿತು. ನಾನೇ ಅವನ ಪರವಾಗಿ ಜಾಹೀರಾತು ಬರೆದು ಹಾಕಿಕೊಟ್ಟೆ. ಔಗ್ಸ್‌ಬುರ್ಗ್‌ನ ಒಬ್ಬ ಒಕ್ಟಾವಿಯಾ ಮಾಲೀಕರು ಬಂದು ಒಯ್ದರು, ಅವನು ನನಗೆ ಹೇಳಿದ್ದಕ್ಕಿಂತ ಹೆಚ್ಚಿನ ದುಡ್ಡಿಗೇ.

ಈಗ ಪಟ್ಟಿಯಲ್ಲಿದ್ದ ಮೂರರಲ್ಲಿ ಒಂದು. 18 ಇಂಚಿನದು ನೋಡಲು ಚೆಂದ ಎನ್ನುವುದರಲ್ಲಿ ಎರಡು ಮಾತಿಲ್ಲ. ಒಣ ರಸ್ತೆಯಲ್ಲಿ, ಆಟೋಬಾನ್ ಹೆದ್ದಾರಿಯ ತಿರುವುಗಳಲ್ಲಿ ಅಗಲವಾದ, ಗಿಡ್ಡ ಪಕ್ಕೆಯ ಟೈರ್ ಬಿಗಿಯಾಗಿ ನಡೆದುಕೊಳ್ಳುತ್ತದೆ. ಆದರೆ ಅಗಲವಾದರೆ ಹಿಮದಲ್ಲಿ ಹಿಡಿತ ಹೆಚ್ಚು ಎಂಬ ಭಾವನೆ ಬಹಳ ಜನಕ್ಕಿದೆ, ಅದನ್ನು ನಂಬಬೇಡಿ. ಕಾರಿನ ತೂಕ, ಗಾಳಿಯ ಒತ್ತಡ ಎರಡೂ ಅವೇ ಇದ್ದರೆ ನೆಲ ಮುಟ್ಟುವ ಜಾಗ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅಗಲದ ಟೈರಿನಲ್ಲಿ ಅದು ಅಡ್ಡಡ್ಡ, ಕಿರಿದರಲ್ಲಿ ಉದ್ದುದ್ದ. ನೀರಿನಲ್ಲೋ ಕೆಸರುಹಿಮದಲ್ಲೋ ಹೋಗುವಾಗ ಅಗಲದ ಟೈರ್ ಹೆಚ್ಚು ಸರಕನ್ನು ಪಕ್ಕಕ್ಕೆ ತಳ್ಳಿಕೊಂಡು ಹೋಗಬೇಕು, ಕಿರಿದು ಅದನ್ನು ಸೀಳಿಕೊಂಡು ಹೋಗುತ್ತದೆ. ಚಳಿಗಾಲ ಮುಗಿಯುವ ಹೊತ್ತಿಗೆ ಇಲ್ಲಿನ ರಸ್ತೆಗಳಲ್ಲೂ ಹೊಂಡ ಬೀಳುತ್ತವೆ. ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟಿ ಹಿಗ್ಗಿ ಡಾಂಬರನ್ನು ಎಬ್ಬಿಸುತ್ತದೆ. 90 ಮಿಲಿಮೀಟರಿನ ಪಕ್ಕೆಗಿಂತ 113 ಮಿಲಿಮೀಟರಿನ ಪಕ್ಕೆ ಅಂಥ ಪೆಟ್ಟನ್ನು ಚೆನ್ನಾಗಿ ತಿನ್ನುತ್ತದೆ. ಹೊಸ ಕಾರಿನಲ್ಲಿ ಸ್ಟೆಪ್ನಿಯೂ ಇಲ್ಲ. ಡಿಕ್ಕಿಯಲ್ಲಿ ಇರುವುದು ಒಂದು ಬಾಟಲಿ ಅಂಟುದ್ರವ ಮತ್ತು ಗಾಳಿ ಹೊಡೆಯುವ ಪುಟ್ಟ ಪಂಪು. ಪಕ್ಕೆ ಹರಿದರೆ ಆ ಬಾಟಲಿ ಯಾವ ಕೆಲಸಕ್ಕೂ ಬಾರದು.

ಇಷ್ಟಾದರೂ 17 ಇಂಚಿನ ಕಡೆಗೆ ಸ್ವಲ್ಪ ವಾಲಿದ್ದೆ, ಎರಡರ ನಡುವಿನದು ಎಂದು. ನಿರ್ಧಾರ ಮಾಡಿಸಿದ್ದು ಕಾರಿನ ಪುಸ್ತಕದಲ್ಲಿದ್ದ ಸರಪಳಿಯ ಪುಟ. ಹಿಮಸರಪಳಿ ಹಾಕಲು ಒಪ್ಪಿಗೆಯಿರುವ ಸೈಜ್‌ಗಳ ಪಟ್ಟಿಯೇ ಬೇರೆ. ಸರಪಳಿಯ ದಪ್ಪಕ್ಕೆ ಟೈರಿನ ಒಳಮೈಗೂ ಸಸ್ಪೆನ್ಷನ್‌ಗೂ ನಡುವೆ ಜಾಗ ಬೇಕಲ್ಲ. ನಮ್ಮ ಮೂರರಲ್ಲಿ ಆ ಪಟ್ಟಿಗೆ ಬಂದದ್ದು 205/55 ಆರ್ 16 ಒಂದೇ, ಅದೂ ಹೇಳಿದಷ್ಟೇ ಅಗಲದ ಚಕ್ರದ ಮೇಲೆ. ಮ್ಯೂನಿಕ್‌ನಲ್ಲಿ ಇದ್ದವರಿಗೆ ಚಳಿಗಾಲ ಅಂದರೆ ಶನಿವಾರ ಬೆಳಿಗ್ಗೆ ಬೆಟ್ಟ. ಮಕ್ಕಳ ಜಾರುಬಂಡಿ ಹಾಕಿಕೊಂಡು ಶ್ಲೀರ್‌ಜೇ ದಾಟಿ ಸ್ಪಿಟ್ಸಿಂಗ್‌ಜೇ ಕೆರೆಗೆ ಏರುವ ಕಡಿದಾದ ರಸ್ತೆ, ಇಲ್ಲವೇ ಗಡಿ ದಾಟಿ ಆಸ್ಟ್ರಿಯ. ಕೆಲವು ಕಣಿವೆದಾರಿಗಳಲ್ಲಿ ನೀಲಿ ದುಂಡು ಫಲಕದಲ್ಲಿ ಸರಪಳಿ ಸುತ್ತಿದ ಟೈರಿನ ಚಿತ್ರ ಕಂಡರೆ ಹಾಕಲೇಬೇಕು, ಹಾಕಿದ ಮೇಲೆ ಜರ್ಮನಿಯಲ್ಲಿ 50 ಕಿ.ಮೀ. ವೇಗ ಮೀರುವಂತಿಲ್ಲ. ಆಸ್ಟ್ರಿಯದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ರಸ್ತೆ ಚಳಿಗಾಲದ ಸ್ಥಿತಿಯಲ್ಲಿದ್ದರೆ ಚಳಿಗಾಲದ ಟೈರ್ ಕಡ್ಡಾಯ, ಅಚ್ಚಿನ ಆಳ ಕನಿಷ್ಠ 4 ಮಿಲಿಮೀಟರು ಇರಬೇಕು. ಜರ್ಮನಿಯಲ್ಲಿ ಕಾನೂನಿನ ಮಿತಿ 1.6 ಅಷ್ಟೇ. ಹಾಗಾಗಿ 16 ಇಂಚು ಎಂದು ನಿಶ್ಚಯವಾಯಿತು. ಬೆಲೆಯೂ ಅದನ್ನೇ ಹೇಳುತ್ತಿತ್ತು: ಒಂದೇ ಕಂಪನಿಯ ಅದೇ ಮಾದರಿಯ 18 ಇಂಚಿನ ಎರಡು ಟೈರಿನ ದುಡ್ಡಿಗೆ 16 ಇಂಚಿನದು ಮೂರು ಬರುತ್ತಿತ್ತು.

ವರ್ಷಪೂರ್ತಿ ನಡೆಯುವ ಆಲ್ ಸೀಸನ್ ಟೈರ್ ಯಾಕೆ ಬೇಡ ಎಂದು ಕೇಳುವವರಿದ್ದಾರೆ. ಊರೊಳಗಷ್ಟೇ ಓಡಾಡುವವರು, ಬೆಟ್ಟವಿಲ್ಲದ ಉತ್ತರದ ಹ್ಯಾಂಬರ್ಗ್ ಕಡೆಯವರು ಧಾರಾಳವಾಗಿ ಹಾಕಿಸಲಿ. ವಾರಕ್ಕೊಮ್ಮೆ ಆಲ್ಪ್ಸ್ ಹತ್ತುವವರಿಗೆ ಅಲ್ಲ.

ಸೈಜ್ ಆದ ಮೇಲೂ ಒಂದು ಅಂಕಿ, ಒಂದು ಅಕ್ಷರ ಬಾಕಿ ಇರುತ್ತವೆ. 205/55 ಆರ್ 16ರ ಮುಂದೆ 91 ಎಚ್ ಎಂದೋ 94 ವಿ ಎಂದೋ ಬರೆದಿರುತ್ತದೆ. 91 ಎಂದರೆ ಒಂದು ಟೈರ್ 615 ಕೆ.ಜಿ. ಹೊರಬಲ್ಲದು, 94 ಎಂದರೆ 670. ನೋಂದಣಿ ಪತ್ರದ 8.1ನೇ ಕಲಮಿನಲ್ಲಿ ಮುಂದಿನ ಎರಡು ಚಕ್ರಗಳು ಸೇರಿ ಹೊರಬಹುದಾದ ಗರಿಷ್ಠ ಭಾರವಿದೆ, ನಮ್ಮದು ಒಂದು ಟನ್ನಿನ ಆಸುಪಾಸು. ಎರಡರಿಂದ ಭಾಗಿಸಿದರೆ 91 ಸಾಕೋ ಸಾಕು. ಅಕ್ಷರ ವೇಗಕ್ಕೆ: ಟಿ ಎಂದರೆ 190, ಎಚ್ 210, ವಿ 240. ನಮ್ಮ ಕಾರಿನ ಗರಿಷ್ಠ ವೇಗ ಪತ್ರದ ಟಿ ಕಲಮಿನ ಪ್ರಕಾರ 224. ಬೇಸಿಗೆ ಟೈರ್ ಆಗಿದ್ದರೆ ಎಚ್ ಹಾಕುವಂತಿರಲಿಲ್ಲ. ಚಳಿಗಾಲದ್ದಕ್ಕೆ ವಿನಾಯಿತಿಯಿದೆ: ಚಾಲಕನ ಕಣ್ಣಿಗೆ ಬೀಳುವಲ್ಲಿ 210 ಎಂಬ ಸ್ಟಿಕ್ಕರ್ ಅಂಟಿಸಿಕೊಂಡು, ಅದನ್ನು ಮೀರದೆ ಓಡಿಸಬಹುದು. ಡಿಸೆಂಬರಿನ ರಸ್ತೆಯಲ್ಲಿ 210 ದಾಟುವ ಉಮೇದು ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. 91 ಎಚ್ ತೆಗೆದುಕೊಂಡೆವು.

ಇನ್ನು ಟೈರನ್ನು ಕೂರಿಸುವ ಚಕ್ರ. ಪ್ರತಿ ಸಲವೂ ಒಂದೇ ಚಕ್ರದ ಮೇಲಿನ ಟೈರ್ ಬಿಚ್ಚಿ ಇನ್ನೊಂದು ಹಾಕಿಸುವುದು ದುಡ್ಡಿಗೂ ದಂಡ, ಟೈರಿನ ಅಂಚಿಗೂ ಕೇಡು. ಚಳಿಗಾಲಕ್ಕೆ ಬೇರೆಯದೇ ಚಕ್ರಗಳ ಜೊತೆ ಇಟ್ಟುಕೊಳ್ಳುವುದು ಇಲ್ಲಿನ ರೂಢಿ. ಕರಿಯ ಉಕ್ಕಿನ ಚಕ್ರ ಎಲ್ಲಕ್ಕಿಂತ ಅಗ್ಗ, ಉಪ್ಪು ಸುರಿದ ರಸ್ತೆಗೆ ಹೇಳಿ ಮಾಡಿಸಿದ್ದು. ಹೆಂಡತಿ ಮಾತ್ರ, "ಹೊಸ ಕಾರಿಗೆ ಟ್ಯಾಕ್ಸಿ ಚಕ್ರ ಬೇಡ" ಎಂದು ಕಡ್ಡಿ ಮುರಿದ ಹಾಗೆ ಹೇಳಿದಳು. ಹೊರಗಿನ ಕಂಪನಿಯ ಸಾದಾ ಬೂದು ಅಲಾಯ್ ಹುಡುಕಿದೆವು. ಇಲ್ಲಿ ಬೋಲ್ಟ್‌ಗಳ ವೃತ್ತ, ನಡುವಿನ ತೂತು ಅಲ್ಲದೆ ಇಟಿ ಎಂಬ ಇನ್ನೊಂದು ಅಳತೆ ಬರುತ್ತದೆ. ಚಕ್ರದ ಅಗಲದ ನಡುಗೆರೆಯಿಂದ ಅದು ಹಬ್‌ಗೆ (ಚಕ್ರವನ್ನು ಬಿಗಿಯುವ ಕಾರಿನ ಕಡೆಯ ಭಾಗಕ್ಕೆ) ತಾಗುವ ಮುಖ ಎಷ್ಟು ಮಿಲಿಮೀಟರು ಹೊರಗಿದೆ ಎಂಬ ಲೆಕ್ಕ. ಅಂಕಿ ಹೆಚ್ಚಿದಷ್ಟೂ ಚಕ್ರ ಕಾರಿನ ಒಳಕ್ಕೆ ಸರಿಯುತ್ತದೆ, ಕಡಿಮೆಯಾದರೆ ಹೊರಕ್ಕೆ ಚಾಚುತ್ತದೆ. ಅಂಗಡಿಯ ಜಾಲತಾಣದಲ್ಲಿ ನೋಂದಣಿ ಪತ್ರದ 2.1 ಮತ್ತು 2.2ನೇ ಕಲಮಿನ ಸಂಖ್ಯೆ ಕೊಟ್ಟರೆ ನಮ್ಮ ಕಾರಿಗೆ ಹೊಂದುವುದನ್ನೇ ತೋರಿಸುತ್ತದೆ. ನಾವು ಆರಿಸಿದ್ದಕ್ಕೆ ಎಬಿಇ ಎಂಬ ಅನುಮೋದನೆ ಪತ್ರವಿತ್ತು. ಅದರಲ್ಲಿ ನಮ್ಮ ಕಾರೂ ಸೈಜೂ ಇವೆಯೇ ಎಂದು ದುಡ್ಡು ಕಟ್ಟುವ ಮೊದಲೇ ಓದಿದೆ. ಪತ್ರದ ಪ್ರತಿ ಈಗ ಕಾರಿನ ಡ್ಯಾಶ್‌ಬೋರ್ಡಿನಲ್ಲೇ ಇದೆ.

ದುಡ್ಡು ಉಳಿದ ಇನ್ನೊಂದು ಜಾಗ ಸೆನ್ಸರ್. 2014ರ ನವೆಂಬರ್‌ನಿಂದ ಯುರೋಪಿನ ಹೊಸ ಕಾರುಗಳಿಗೆಲ್ಲ ಗಾಳಿಯ ಒತ್ತಡ ಕಾಯುವ ವ್ಯವಸ್ಥೆ ಇರಲೇಬೇಕು. ಒಂದು ಅಂಗಡಿಯವರು ನಾಲ್ಕು ಚಕ್ರಕ್ಕೂ ಸೆನ್ಸರ್ ಸೇರಿಸಿ ಬಿಲ್ ಕಳಿಸಿದರು. ಆದರೆ ಗಾಲ್ಫ್‌ನಲ್ಲಿ ಚಕ್ರದೊಳಗೆ ಸೆನ್ಸರ್ ಇಲ್ಲ. ಎಬಿಎಸ್ ಬ್ರೇಕಿಗೆಂದು ಇರುವ ಚಕ್ರವೇಗದ ಅಳತೆಯಿಂದಲೇ ಯಾವ ಚಕ್ರ ಬೇರೆಯವಕ್ಕಿಂತ ವೇಗವಾಗಿ ಸುತ್ತುತ್ತಿದೆ ಎಂದು ನೋಡಿ ಗಾಳಿ ಇಳಿದದ್ದನ್ನು ಕಾರು ಊಹಿಸುತ್ತದೆ. ಚಕ್ರ ಬದಲಿಸಿದ ಮೇಲೆ ಪರದೆಯ ಮೆನುವಿನಲ್ಲಿ ಹೊಸ ಒತ್ತಡವನ್ನು ಉಳಿಸಿದರೆ ಮುಗಿಯಿತು. ಅದನ್ನು ಹೇಳಿದ ಮೇಲೆ ಆ ಸಾಲು ಬಿಲ್ಲಿನಿಂದ ಹೋಯಿತು. ನಿಮ್ಮ ಕಾರಿನದು ಚಕ್ರದೊಳಗಿನ ಸೆನ್ಸರ್ ಆಗಿದ್ದರೆ ಅದು ಬೇಕೇ ಬೇಕು. ಯಾವುದು ಎಂದು ಮೊದಲೇ ತಿಳಿದುಕೊಳ್ಳಿ.

ಟೈರ್ ಯಾವ ಕಂಪನಿಯದು ಎಂಬುದಕ್ಕೆ ನಾನು ಹೆಚ್ಚು ಹೊತ್ತು ಕಳೆಯಲಿಲ್ಲ. ಮೋಟಾರು ಸಂಘವಾದ ಎಡಿಎಸಿ ವರ್ಷವರ್ಷವೂ ಟೈರುಗಳನ್ನು ಪರೀಕ್ಷಿಸಿ ಅಂಕ ಕೊಡುತ್ತದೆ. ಒದ್ದೆ ರಸ್ತೆ ಮತ್ತು ಹಿಮ ಎರಡರಲ್ಲೂ ಒಳ್ಳೆಯ ಅಂಕ ಪಡೆದವುಗಳಲ್ಲಿ ಒಂದನ್ನು ಆರಿಸಿದೆವು. ಬಂದ ಮೇಲೆ ನೋಡಬೇಕಾದದ್ದು ಪಕ್ಕೆಯಲ್ಲಿ ಡಾಟ್ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕಂಕಿ. 2224 ಎಂದಿದ್ದರೆ 2024ರ 22ನೇ ವಾರದಲ್ಲಿ ತಯಾರಾದದ್ದು. ಗೋದಾಮಿನಲ್ಲಿ ವರ್ಷಗಟ್ಟಲೆ ಕೂತ ಸರಕನ್ನು ಹೊಸದರ ಬೆಲೆಗೆ ಯಾಕೆ ಕೊಳ್ಳಬೇಕು?

ಅಕ್ಟೋಬರ್ ಕೊನೆಗೆ ಮೊದಲ ಹಿಮದ ಸುದ್ದಿ ಬಂತೆಂದರೆ ಯಾವ ವರ್ಕ್‌ಶಾಪಿನಲ್ಲೂ ಸಮಯ ಸಿಗುವುದಿಲ್ಲ. ಸೆಪ್ಟೆಂಬರಿನಲ್ಲೇ ದಿನ ಗೊತ್ತುಮಾಡಿದ್ದೆವು. ಅಲ್ಲಿನ ಮೆಕ್ಯಾನಿಕ್ ನಮ್ಮ ಹಳೆಯ ಬೋಲ್ಟೊಂದನ್ನು, ಹೊಸ ಚಕ್ರದ ಜೊತೆ ಬಂದ ಬೋಲ್ಟೊಂದನ್ನು ಅಂಗೈ ಮೇಲೆ ಪಕ್ಕಪಕ್ಕ ಇಟ್ಟು ತೋರಿಸಿದ. ಉದ್ದ, ದಪ್ಪ, ತಿರುಪಿನ ಮರೆ ಎಲ್ಲ ಒಂದೇ. ತಲೆಯ ಕೆಳಗಿನ ಭಾಗ ಮಾತ್ರ ಬೇರೆ: ಕಂಪನಿಯದು ಗೋಲಿಯ ಹಾಗೆ ಗುಂಡಗೆ, ಹೊಸದು ಇಳಿಜಾರಾಗಿ ಮೊನಚು. ಚಕ್ರದ ತೂತಿನ ಒಳಮೈಯೂ ಅದಕ್ಕೆ ತಕ್ಕ ಹಾಗಿರುತ್ತದೆ. ಮೊನಚು ತೂತಿಗೆ ಗುಂಡು ಬೋಲ್ಟ್ ಹಾಕಿದರೆ ಬಿಗಿಯಾದ ಹಾಗೆ ಕಂಡರೂ ಅಂಚಿನ ಒಂದು ಗೆರೆಯಷ್ಟೇ ತಾಗಿರುತ್ತದೆ, ಓಡುತ್ತಾ ಓಡುತ್ತಾ ಸಡಿಲವಾಗುತ್ತದೆ. ಹಳೆಯ ಇಪ್ಪತ್ತು ಬೋಲ್ಟ್‌ಗಳನ್ನು ಒಂದು ಡಬ್ಬಿಗೆ ಹಾಕಿ, ಮೇಲೆ 'ಬೇಸಿಗೆ' ಎಂದು ಕನ್ನಡದಲ್ಲೇ ಬರೆದು ಇಟ್ಟಿದ್ದೇನೆ. ಹಬ್‌ಗೆ ಸರಿಯಾಗಿ ಕೂರಲು ಚಕ್ರದ ನಡುವಿನ ತೂತಿಗೆ ಒಂದು ಪ್ಲಾಸ್ಟಿಕ್ ಉಂಗುರವನ್ನೂ ಒತ್ತಿದ. ಟೈರಿನ ಮೇಲೆ ತಿರುಗುವ ದಿಕ್ಕಿನ ಬಾಣವಿತ್ತು, ಎಡದ ಚಕ್ರ ಬಲಕ್ಕೆ ಹೋಗುವಂತಿಲ್ಲ. ಐವತ್ತು ಕಿಲೋಮೀಟರು ಓಡಿಸಿ ವಾಪಸ್ ಬನ್ನಿ, ಬಿಗಿತ ಅಳೆಯುವ ಟಾರ್ಕ್ ಸ್ಪ್ಯಾನರ್‌ನಲ್ಲಿ ಇನ್ನೊಮ್ಮೆ ನೋಡುತ್ತೇನೆ ಎಂದ. ಹೋಗಿ ನೋಡಿಸಿಕೊಂಡು ಬಂದೆವು.

16 ಇಂಚಿನಲ್ಲಿ ಕಾರು ಪಕ್ಕದಿಂದ ಕೊಂಚ ಬಡಕಲಾಗಿ ಕಾಣುತ್ತದೆ, ಇಲ್ಲ ಎನ್ನಲಾರೆ. ನವೆಂಬರಿನ ಬೆಚ್ಚನೆಯ ಒಣ ದಿನಗಳಲ್ಲಿ ಸ್ಟೀರಿಂಗ್ ತಿರುಗಿಸಿದ ಕ್ಷಣಕ್ಕೂ ಕಾರು ಹೊರಳುವ ಕ್ಷಣಕ್ಕೂ ನಡುವೆ ಒಂದು ಸಣ್ಣ ಸೋಮಾರಿತನ ಬಂದಿದೆ. ಎತ್ತರದ ಪಕ್ಕೆ, ಮೆದು ರಬ್ಬರು, ಎರಡೂ ಸೇರಿ ಹಾಗೆ. ಟ್ರಾಮ್ ಹಳಿಗಳ ಮೇಲೆ, ಕಲ್ಲು ಹಾಸಿದ ಬೀದಿಗಳಲ್ಲಿ ಮಾತ್ರ 18 ಇಂಚಿನಲ್ಲಿ ಬರುತ್ತಿದ್ದ ಕುಲುಕಾಟ ಇಲ್ಲ. ಹಿಂದಿನ ಸೀಟಿನ ಮಗಳು ಈಗ ಕುಲುಕದೆ ಚಿತ್ರ ಬರೆಯುತ್ತಾಳೆ. ಸರಪಳಿಯನ್ನು ನೆಲಮಾಳಿಗೆಯ ಪಾರ್ಕಿಂಗಿನಲ್ಲಿ, ಒಣ ನೆಲದ ಮೇಲೆ ಹಾಕಿ ತೆಗೆದು ಅಭ್ಯಾಸ ಮಾಡಿಟ್ಟಿದ್ದೇವೆ. ಬೇಸಿಗೆಯ ಚಕ್ರಗಳು ಯಾವ ಮೂಲೆಯದು ಯಾವುದು ಎಂಬ ಸೀಮೆಸುಣ್ಣದ ಗುರುತಿನ ಸಮೇತ ಅಲ್ಲೇ ಒಂದರ ಮೇಲೊಂದು ಮಲಗಿವೆ. ಅವು ಸವೆದ ಮೇಲೆ ಬೇಸಿಗೆಗೂ 18 ಇಂಚೇ ಬೇಕೇ ಎಂಬ ಮಾತು ಮನೆಯಲ್ಲಿ ಈಗಲೇ ಶುರುವಾಗಿದೆ. ನನ್ನ ವೋಟು 17ಕ್ಕೆ, ಹೆಂಡತಿಯದು ಇನ್ನೂ 18ಕ್ಕೇ.